ಹಿಟ್ಟು ಸುಮ್ಮನಿರುವಷ್ಟು ಹೊತ್ತು

ಗಡಿಬಿಡಿ ತೀರಿಕೊಂಡ. ಭಾನುವಾರ ಬೆಳಿಗ್ಗೆ, ತನ್ನ ಅಡುಗೆಮನೆಯಲ್ಲಿ, ಕುರ್ಚಿಯ ಮೇಲೆ ಕೂತಿದ್ದಾಗ ಹೃದಯ ನಿಂತುಹೋಯಿತು. ನಾನು ಪಕ್ಕದ ಕೋಣೆಯಲ್ಲಿ ಅವನ ಮಗಳ ಹತ್ತಿರ ಇದ್ದೆ. ಇಬ್ಬರಿಗೂ ಏನೂ ಕೇಳಿಸಲಿಲ್ಲ.

ಅವತ್ತು ಎಲ್ಲರಿಗೂ ಫೋನು ಮಾಡಿ ತಿಳಿಸಿದವನು ನಾನು. "ಹೇಗಾಯ್ತು?" ಎಂದು ಕೇಳುತ್ತಿದ್ದರು. "ಕುರ್ಚಿ ಮೇಲೆ ಕೂತಿದ್ದ, ಹಾಗೇ ಹೋಗಿಬಿಟ್ಟ" ಎನ್ನುತ್ತಿದ್ದೆ. ಆ ಕಡೆಯಿಂದ ಎಲ್ಲರದೂ ಒಂದೇ ಪ್ರಶ್ನೆ: "ಕೂತಿದ್ನಾ?" ಸತ್ತದ್ದನ್ನು ಜನ ನಂಬಿದರು, ಕೂತದ್ದನ್ನು ನಂಬಲಿಲ್ಲ. ಬಣ್ಣದ ಅಂಗಡಿಯವನಂತೂ, "ಸರಿಯಾಗಿ ನೋಡಿದ್ರಾ ಸಾರ್? ಅವನು ಕೂರೋ ಆಸಾಮಿ ಅಲ್ಲ. ನನ್ನ ಅಂಗಡೀಲಿ ಇಷ್ಟು ವರ್ಷ ಸ್ಟೂಲ್ ಹಾಕಿದೀನಿ, ಒಂದು ಸಲಾನೂ ಕೂತಿಲ್ಲ" ಎಂದು ವಾದಕ್ಕೇ ಇಳಿದ. ಕೊನೆಗೆ ಫೋನು ಹಿಡಿದುಕೊಂಡೇ ಅತ್ತ.

ಅವನು ಗೋಡೆಗಳಿಗೆ ಬಣ್ಣ ಬಳಿಯುವವನು. ಗಡಿಬಿಡಿ ಎಂಬುದು ಅವನ ಹೆಂಡತಿ ಇಟ್ಟ ಹೆಸರು. ಮೊದಲು ಮನೆಯೊಳಗೆ ಓಡಾಡಿ, ಆಮೇಲೆ ಬೀದಿಗೆ ಇಳಿದು, ಕಡೆಗೆ ಅವನ ವ್ಯಾನಿನ ಮೇಲೂ ಬಂದು ಕೂತಿತು. ಹುಟ್ಟಿದಾಗ ಇಟ್ಟ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ನಮ್ಮ ಪರಿಚಯವಾದದ್ದು ನಾನು ಕೆಲಸ ಮಾಡುತ್ತಿದ್ದ ಗ್ರಂಥಾಲಯದಲ್ಲಿ. ಓದುವ ಕೋಣೆಗೆ ಬಣ್ಣ ಹೊಡೆಯಲು ಬಂದಿದ್ದ. 'ದಯವಿಟ್ಟು ಮಾತಾಡಬೇಡಿ' ಎಂಬ ಬೋರ್ಡಿನ ಪಕ್ಕದಲ್ಲೇ ಏಣಿ ಹಾಕಿಕೊಂಡು ಸಿಳ್ಳೆ ಹೊಡೆಯುತ್ತಿದ್ದ. ಎಚ್ಚರಿಸಲು ಹೋದರೆ ಏಣಿಯ ಮೇಲಿನಿಂದಲೇ ಬಗ್ಗಿ ಕೇಳಿದ.

"ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಅದೇ ಜಾಗದಲ್ಲಿ ಕೂತಿದೀರಲ್ಲ. ಬೆನ್ನು ಹಿಡ್ಕೊಳ್ಳಲ್ವಾ?"

"ಓದ್ತಾ ಇದ್ರೆ ಗೊತ್ತಾಗಲ್ಲ."

"ಹಾಗಾದ್ರೆ ನೀವು ಪುಸ್ತಕದ ಹುಳ ಬಿಡಿ. ಒಳಗೇ ಕೊರ್ಕೊಂಡು ಇರ್ತೀರಿ."

ಕೆಲಸ ಮುಗಿಯುವಷ್ಟರಲ್ಲಿ ನಾನು 'ಹುಳ' ಆಗಿದ್ದೆ. 'ನೀವು' ಹೋಗಿ 'ನೀನು' ಆಗಿತ್ತು. ಆಮೇಲೆ ಬದುಕಿರುವವರೆಗೂ ಅವನು ನನ್ನನ್ನು ಬೇರೆ ಏನೆಂದೂ ಕರೆಯಲಿಲ್ಲ.

ಅವನ ಕೆಲಸದಲ್ಲಿ ಕಾಯುವುದೇ ಅರ್ಧ. ಮೊದಲ ಕೋಟ್ ಒಣಗದೆ ಎರಡನೆಯದು ಹೊಡೆಯುವ ಹಾಗಿಲ್ಲ. ಉಳಿದ ಬಣ್ಣದವರು ಆ ಹೊತ್ತಿನಲ್ಲಿ ಟೀ ಕುಡಿಯುತ್ತಾರೆ, ಗೋಡೆಗೆ ಒರಗಿ ಒಂದು ನಿದ್ದೆ ತೆಗೆಯುತ್ತಾರೆ. ಇವನು ಯಾವಾಗಲೂ ಎರಡು ಮನೆಗಳ ಕೆಲಸ ಒಟ್ಟಿಗೆ ಹಿಡಿಯುತ್ತಿದ್ದ. ಇಲ್ಲಿ ಒಣಗುವಾಗ ಅಲ್ಲಿ, ಅಲ್ಲಿ ಒಣಗುವಾಗ ಇಲ್ಲಿ. ನಡುವೆ ವ್ಯಾನಿನಲ್ಲಿ ಹೋಗುವಾಗ ಮಾತ್ರ ಕೂರುತ್ತಿದ್ದ; ಕೆಂಪು ದೀಪ ಬಿದ್ದರೆ ಸ್ಟಿಯರಿಂಗ್ ಮೇಲೆ ಬೆರಳಿನಿಂದ ತಮಟೆ. ಊಟ ನಿಂತುಕೊಂಡೇ. ಹೆಂಡತಿ ಇದ್ದಾಗ ತಟ್ಟೆ ಹಿಡಿದು ಅವನ ಹಿಂದೆ ಓಡಾಡಿ ಸಾಕಾಗಿ, "ಇವರಿಗೆ ಚಕ್ರ ಇರೋ ತಟ್ಟೆ ತರ್ಬೇಕು" ಎನ್ನುತ್ತಿದ್ದಳು.

ಅವಳು ತೀರಿಹೋದ ಮೇಲೆ ಅವನ ಗಡಿಬಿಡಿ ಇನ್ನೂ ಹೆಚ್ಚಾಯಿತು. ಬೇರೆಯವರ ಗೋಡೆ ಸಾಲದೆ ತನ್ನ ಮನೆಯದನ್ನೇ ಹಿಡಿದುಕೊಂಡ. ನಾನು ಹೋದಾಗಲೆಲ್ಲ ಅಡುಗೆಮನೆಗೆ ಬೇರೆ ಬಣ್ಣ. ಮಿಕ್ಕಿದ ಡಬ್ಬಗಳನ್ನು ಅಲ್ಲೇ ಖಾಲಿ ಮಾಡುತ್ತಿದ್ದ. ಒಲೆಯ ಎದುರಿಗೆ ಒಂದು ಮರದ ಕುರ್ಚಿ ಇತ್ತು, ಹೆಂಡತಿಯದು. ಅದಕ್ಕೂ ಕೋಟಿನ ಮೇಲೆ ಕೋಟು ಬಿದ್ದು ಕಾಲುಗಳು ದಪ್ಪಗಾಗಿದ್ದವು. ಒಂದು ಕೀಲು ಸಡಿಲ. ಕೂತರೆ ಕಿರ್ರ್ ಎನ್ನುತ್ತಿತ್ತು. ಆ ಸದ್ದು ನನಗೆ ಗೊತ್ತಿದ್ದದ್ದು ನಾನು ಕೂರುತ್ತಿದ್ದರಿಂದ. ಅವನು ಕೂತದ್ದನ್ನು ನಾನು ನೋಡಿರಲಿಲ್ಲ.

ಮಗಳು ಅಂಚೆ ಹಂಚುವವಳು. ಅಪ್ಪನ ಕಾಲೇ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಬೇರೆಯವರು ಸೈಕಲ್ಲಿನಲ್ಲಿ ಹೋಗುವ ಬೀದಿಗಳನ್ನು ಅವಳು ನಡೆದೇ ಮುಗಿಸುತ್ತಿದ್ದಳು. ಅವಳ ಗಂಡನಿಗೆ ದೂರದಲ್ಲಿ ಸೇತುವೆ ಕಟ್ಟುವ ಕೆಲಸ; ಬಿಟ್ಟು ಬರುವಂತಿರಲಿಲ್ಲ. ಹಿಂದೆ ಒಮ್ಮೆ ಬಸುರಿಯಾಗಿ ಮಗು ನಿಂತಿರಲಿಲ್ಲ. ಈ ಸಲ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದು, ಹೊಟ್ಟೆ ತುಂಬ ತಿನ್ನಬೇಕು. ಅವಳನ್ನು ನೋಡಿಕೊಳ್ಳಲು ಅಪ್ಪನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವನಿಗೂ ಒಂದು ವರ್ಷದಿಂದ ಹೃದಯದ ಮಾತ್ರೆ ನಡೆಯುತ್ತಿತ್ತು. ಏಣಿ ಹತ್ತಬೇಡಿ, ಸುಮ್ಮನೆ ಕೂರುವುದು ಕಲಿಯಿರಿ ಎಂದು ಅವನ ಡಾಕ್ಟರೂ ಹೇಳಿದ್ದರು. ಹೀಗೆ, ಒಂದು ಕಡೆ ಇರಲಾರದ ಇಬ್ಬರು ಸುಮ್ಮನಿರಬೇಕೆಂಬ ಆಜ್ಞೆ ಹೊತ್ತು ಒಂದೇ ಮನೆಯಲ್ಲಿ ಸೇರಿದರು.

ಅವಳು ಏನೂ ತಿನ್ನುತ್ತಿರಲಿಲ್ಲ. ಅವನು ಮಾಡಿದ ಅನ್ನ ನೋಡಿದರೆ ವಾಕರಿಕೆ, ನಾನು ತಂದ ಬ್ರೆಡ್ಡಿನ ವಾಸನೆಗೂ ವಾಕರಿಕೆ. ತೂಕ ಏರುವ ಬದಲು ಇಳಿಯಿತು. ಹೀಗೇ ಆದರೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಒಂದು ಮಧ್ಯಾಹ್ನ ಅವನು ಹಾಸಿಗೆಯ ಸುತ್ತ ಸುತ್ತುತ್ತಾ, "ಏನಾದ್ರೂ ಒಂದು ಹೇಳು ಮಗಳೇ. ಏನು ಬೇಕು? ಚಂದ್ರ ಬೇಕಾ, ತರ್ತೀನಿ" ಎಂದ.

"ದಿಂಬು ಬೇಕು" ಎಂದಳು.

ಅವನು ಅಲಮಾರಿಯ ಕಡೆ ಓಡಿದ.

"ಅಯ್ಯೋ, ತಲೆಗಲ್ಲ ಅಪ್ಪ. ಅಮ್ಮನ ದಿಂಬು."

ರಜದ ಬೆಳಿಗ್ಗೆ ಅವಳ ಅಮ್ಮ ಪ್ಯಾನ್‌ಕೇಕ್ ಮಾಡುತ್ತಿದ್ದಳು. ಬೆರಳು ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುವಂಥದ್ದು, ಒಳಗೆ ಹಣ್ಣಿನ ಹೋಳು, ಮೇಲೆ ಪ್ಲಮ್ ಹಣ್ಣಿನ ಪಾಕ. ಮಗಳು ಚಿಕ್ಕವಳಿದ್ದಾಗ ಅದಕ್ಕೆ ದಿಂಬು ಎಂದಿದ್ದಳು. ಆ ಹೆಸರೇ ಉಳಿಯಿತು. ಗಡಿಬಿಡಿ ಅದನ್ನು ಎಷ್ಟೋ ಸಲ ತಿಂದಿದ್ದ, ಆದರೆ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಒಂದನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿಯುವುದಷ್ಟೇ ಅವನ ಪಾಲು.

"ಅಷ್ಟೇ ತಾನೇ?" ಎಂದ. "ನಾಳೆ ಬೆಳಿಗ್ಗೆ ದಿಂಬು. ಏ ಹುಳ, ನಿನ್ನ ಪುಸ್ತಕದಲ್ಲಿ ಇದ್ಯಾ ನೋಡು."

ಇತ್ತು. ಅಡುಗೆ ಪುಸ್ತಕ ತಂದು ಒಲೆಯ ಪಕ್ಕ ನಿಂತು ಓದಿದೆ: ಮೈದಾ, ಬೇಕಿಂಗ್ ಪೌಡರ್, ಹಾಲು, ಮೊಟ್ಟೆ, ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. "ಹಗುರವಾಗಿ ಬೆರೆಸಿ. ಗಂಟುಗಳು ಉಳಿದರೆ ಚಿಂತೆಯಿಲ್ಲ. ಹಿಟ್ಟನ್ನು ಸ್ವಲ್ಪ ಹೊತ್ತು ಮುಟ್ಟದೆ ಬಿಡಿ."

"ಏನಂದೆ?"

"ಗಂಟು ಉಳಿದ್ರೆ ಪರವಾಗಿಲ್ಲವಂತೆ."

"ಇದನ್ನ ಬರೆದವನು ಜನ್ಮದಲ್ಲಿ ಒಂದು ಗೋಡೆಗೆ ಬಣ್ಣ ಹೊಡೆದಿಲ್ಲ" ಎಂದ. "ಡಬ್ಬದಲ್ಲಿ ಗಂಟು ಉಳೀತು ಅಂದ್ರೆ ಗೋಡೆ ಮೇಲೆ ಮೊಡವೆ. ಮುಚ್ಚು ಪುಸ್ತಕ."

ಕಲಕಿದ. ಬಣ್ಣ ಕಲಕುವ ಹಾಗೆಯೇ, ಭುಜದಿಂದ, ತಳ ಮುಟ್ಟಿಸಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ. ಹಿಟ್ಟು ರೇಷ್ಮೆಯ ಹಾಗೆ ಹೊಳೆಯಿತು. ಅಷ್ಟಕ್ಕೂ ಬಿಡದೆ, ಬಣ್ಣ ಸೋಸಲೆಂದು ತಂದಿಟ್ಟಿದ್ದ ಹೊಸ ಬಟ್ಟೆಯಲ್ಲಿ ಸೋಸಿದ. ಚಮಚದಿಂದ ಎತ್ತಿ ಇಳಿಬಿಟ್ಟು, "ನೋಡೋ, ಎಲ್ಲೂ ಕಡಿಯಲ್ಲ. ಇದನ್ನ ಅರಮನೆಗೂ ಹೊಡೀಬಹುದು" ಎಂದ.

ಕಾವಲಿಯ ಮೇಲೆ ಒಂದು ಸೌಟು ಹುಯ್ದು, ತೆಳ್ಳಗೆ ಹೆಚ್ಚಿದ ಸೇಬು ಇಟ್ಟು, ಮೇಲೆ ಇನ್ನೊಂದಿಷ್ಟು ಹಿಟ್ಟು ಮುಚ್ಚಿದ. ಅದು ಏಳಲೇ ಇಲ್ಲ. ಸೇಬಿನ ಹೋಳುಗಳು ಹೊದಿಕೆಯ ಕೆಳಗಿನ ಮೊಣಕಾಲುಗಳ ಹಾಗೆ ಉಬ್ಬಿಕೊಂಡಿದ್ದವು. ಮಗಳು ಒಂದು ತುಂಡು ಎಳೆದಳು, ಅದೂ ಎಳೆದುಕೊಂಡಿತು.

"ಅಪ್ಪ, ಇದು ದಿಂಬಲ್ಲ. ಚಾಪೆ."

ಪಾಕ ಮಾತ್ರ ಮೊದಲ ದಿನವೇ ಕೈಗೆ ಬಂತು. ಪ್ಲಮ್ ಹಣ್ಣನ್ನು ಸಿಪ್ಪೆ ಸಮೇತ ಹೆಚ್ಚಿ, ಸಕ್ಕರೆ, ನಿಂಬೆಯ ಸಿಪ್ಪೆ ಹಾಕಿ ಕುದಿಸಿ, ಹಿಂಡಿ ಸೋಸಿ, ಮತ್ತೆ ಒಲೆಗಿಟ್ಟು ಎಳೆ ಬರುವವರೆಗೆ ಕಾಯಿಸುವುದು. ಅದಕ್ಕೆ ಬಿಡದೆ ತಿರುವುತ್ತಿರಬೇಕು, ಇವನಿಗೆ ಬೇಕಾದದ್ದೇ ಅದು. ಬಣ್ಣ ನೋಡಿಯೇ ಒಲೆ ಆರಿಸುತ್ತಿದ್ದ. ತಟ್ಟೆಯ ಅಂಚಿನಲ್ಲಿ ಒಂದು ಹನಿ ಬಿಟ್ಟು, ಅದು ಇಳಿಯುವ ಪರಿ ನೋಡಿ, "ಹಳೇ ಬಾಗಿಲಿನ ವಾರ್ನಿಷ್ ಇದ್ದಂಗಿದೆ" ಎಂದು ತನಗೆ ತಾನೇ ಮೆಚ್ಚಿಕೊಳ್ಳುತ್ತಿದ್ದ. ಮಗಳು ಪಾಕವನ್ನು ಬೆರಳಿನಿಂದ ನೆಕ್ಕಿ ಚಾಪೆಯನ್ನು ಹಾಗೇ ವಾಪಸು ಕಳಿಸುತ್ತಿದ್ದಳು.

ದಿನವೂ ಚಾಪೆ. ದಿನವೂ ಹೆಚ್ಚು ಕಲಕಿದ. ತಪ್ಪು ಗಂಟಿನದೇ ಎಂದು ಅವನಿಗೆ ಖಾತ್ರಿಯಾಗಿತ್ತು. ಮೈದಾ ಬದಲಿಸಿದ, ಹಾಲು ಬದಲಿಸಿದ, ಸೇಬು ಬಿಟ್ಟು ಬಾಳೆಹಣ್ಣು ಇಟ್ಟ. ಒಂದು ದಿನ ಕಾವಲಿಯನ್ನೇ ಬದಲಿಸಿದ. ಮಗಳ ಕೆನ್ನೆ ಒಳಗೆ ಹೋಗುತ್ತಿತ್ತು. ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದ, ಒಳಗೆ ಬಂದು ಮತ್ತೆ ಪಾತ್ರೆ ಹಿಡಿಯುತ್ತಿದ್ದ. "ಹೋದ ಸಲ ಇಷ್ಟರಲ್ಲೇ ಅಲ್ವಾ ಹೋಗಿದ್ದು?" ಎಂದು ಒಮ್ಮೆ ನನ್ನನ್ನು ಕೇಳಿದ. ಉತ್ತರಕ್ಕೆ ಕಾಯದೆ ಮೊಟ್ಟೆ ಒಡೆದ.

ಸರಿಹೋದದ್ದು ಒಂದು ರಂಪದಿಂದ. ಮೆಟ್ಟಿಲ ಮೇಲೆ ಬಣ್ಣದ ಡಬ್ಬ ಬಿಟ್ಟು ಬಂದಿದ್ದ. ಆಗಷ್ಟೇ ಮೈದಾಕ್ಕೆ ಹಾಲು ಹುಯ್ದು ನಾಲ್ಕು ಸುತ್ತು ತಿರುವಿದ್ದನೋ ಇಲ್ಲವೋ, ಕೆಳಮನೆಯ ಅಜ್ಜಿಯ ಕೂಗು ಕೇಳಿಸಿತು.

"ಏ ಗಡಿಬಿಡಿ! ಇಳಿದು ಬಾ ಇಲ್ಲಿ! ನನ್ನ ಬೆಕ್ಕು ಹಸಿರಾಗಿದೆ!"

ಇಳಿದು ಓಡಿದ. ಡಬ್ಬ ಉರುಳಿ ಮೆಟ್ಟಿಲೆಲ್ಲ ಹಸಿರು. ಬೆಕ್ಕನ್ನು ಹಿಡಿದು ಒರೆಸಿ, ಮೆಟ್ಟಿಲು ಉಜ್ಜಿ, ಅಜ್ಜಿಯಿಂದ ಬಾಯಿಗೆ ಬಂದ ಹಾಗೆ ಬೈಸಿಕೊಂಡು ಮೇಲೆ ಬರುವಷ್ಟರಲ್ಲಿ ಸಾಕಷ್ಟು ಹೊತ್ತಾಗಿತ್ತು. ಚಮಚ ಎತ್ತಿದ. ಬಣ್ಣ ಒರೆಸಿದ ಟರ್ಪೆಂಟೈನಿನ ವಾಸನೆ ಒಳಕೋಣೆಯವರೆಗೂ ಹೋಯಿತು.

"ಅಪ್ಪ, ಆ ಕೈಯಲ್ಲಿ ಕಲಕಬೇಡ! ಹೇಗಿದ್ಯೋ ಹಾಗೇ ಹುಯ್ದುಬಿಡು" ಎಂದು ಮಗಳು ಕೂಗಿದಳು.

ಪಾತ್ರೆಯಲ್ಲಿ ಗಂಟುಗಳು ಹಾಗೇ ಇದ್ದವು. ಅವನು ಮುಖ ಸಿಂಡರಿಸಿಕೊಂಡು, ಕೈ ತೊಳೆದು ಬಂದು, ಒಂದು ಸೌಟು ಕಾವಲಿಯ ಮೇಲೆ ಬಿಟ್ಟ. ಪ್ಲಮ್ ಹೋಳು ಇಟ್ಟ. ಮೇಲೆ ಹಿಟ್ಟು ಮುಚ್ಚಿದ. ನಾನು ಬಾಗಿಲಲ್ಲಿ ಪತ್ರಿಕೆ ಓದುತ್ತಿದ್ದೆ.

"ಏ ಹುಳ" ಎಂದ. ದನಿ ಸಣ್ಣಗಾಗಿತ್ತು. "ಬಾ ಇಲ್ಲಿ. ಇದು ಉಸಿರಾಡ್ತಾ ಇದೆ."

ಮೇಲೆ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಅಂಚು ಮೇಲಕ್ಕೆ ಬಂದಿತ್ತು. ಮಗುಚಿ ಹಾಕಿದಾಗ ಇನ್ನಷ್ಟು ಎದ್ದಿತು. ಮಗಳು ಬೆರಳಿಂದ ಒತ್ತಿದಳು. ಒಳಗೆ ಹೋಯಿತು, ಮೇಲೆ ಬಂತು. ಅವಳು ಪೂರ್ತಿ ತಿಂದಳು, ಇನ್ನೊಂದು ಕೇಳಿದಳು, ಅದರ ಮೇಲೆ ಇನ್ನೊಂದು. ಅವನು ಕಾವಲಿಗೂ ಹಾಸಿಗೆಗೂ ನಡುವೆ ಓಡಾಡಿದ. ಹಿಟ್ಟು ಮುಗಿದ ಮೇಲೆ ಅವಳು ಪಾಕದ ಬಟ್ಟಲು ಬೆರಳಲ್ಲಿ ಒರೆಸುತ್ತಾ ಇದ್ದಕ್ಕಿದ್ದಂತೆ ಹೇಳಿದಳು:

"ಅಮ್ಮ ಹಿಟ್ಟು ಕಲಸಿಟ್ಟು ತಲೆ ಬಾಚ್ಕೊಳ್ತಾ ಇದ್ಲು. ಆ ಕುರ್ಚಿ ಮೇಲೆ ಕೂತು. ನಂಗೆ ಹಸಿವು, ಬೇಗ ಮಾಡು ಅಂತ ಅಳ್ತಿದ್ದೆ. ಜಡೆ ಹಾಕಿ ಮುಗಿಸಿದ ಮೇಲೇನೇ ಏಳೋದು."

ಅವಳ ಅಮ್ಮನಿಗೆ ಉದ್ದ ಕೂದಲು. ಅಷ್ಟೂ ವರ್ಷ ಆ ಮನೆಯಲ್ಲಿ ಅದನ್ನು ಸಿಂಗಾರ ಎಂದುಕೊಂಡಿದ್ದರು. ಗಡಿಬಿಡಿ ತನ್ನ ಬೋಳು ತಲೆ ಸವರಿಕೊಂಡ.

"ನಾನೇನು ಬಾಚ್ಕೊಳ್ಳಲಿ?" ಎಂದ. ನಾವು ನಕ್ಕೆವು. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಕುರ್ಚಿಯನ್ನೇ ನೋಡುತ್ತಾ ನಿಂತಿದ್ದ.

ಹಿಟ್ಟನ್ನು ಮುಟ್ಟದೆ ಕಾಯಬೇಕೆಂಬ ಗುಟ್ಟೇನೋ ಸಿಕ್ಕಿತು, ಆದರೆ ಅದು ಅವನಿಂದ ಆಗದ ಕೆಲಸ. ಹಿಟ್ಟು ಒಂದು ಕಡೆ ಇದ್ದರೆ ಅವನ ಕೈ ಅದರ ಕಡೆಗೇ ಹೋಗುತ್ತಿತ್ತು. ಬಣ್ಣದ ಕೆಲಸದ ಹಾಗೆ, ಇಲ್ಲಿ ಕಾಯುವಾಗ ಹೋಗಿ ಕಲಕಲು ಇನ್ನೊಂದು ಮನೆ ಇರಲಿಲ್ಲ. ಒಂದು ಗಂಟು ಕಣ್ಣಿಗೆ ಬಿದ್ದರೆ ಮುಗಿಯಿತು. "ಇದೊಂದನ್ನ ಒಡೆದುಬಿಡ್ತೀನಿ" ಎಂದು ಶುರು ಮಾಡಿ ಚಾಪೆಯಲ್ಲಿ ಮುಗಿಸುತ್ತಿದ್ದ. ಅದಕ್ಕೇ ಪಾತ್ರೆಯ ಮೇಲೆ ತಟ್ಟೆ ಮುಚ್ಚುವ ಕ್ರಮ ಬಂತು. ಚಮಚವನ್ನು ನನ್ನ ಕೈಗೆ ಕೊಡುತ್ತಿದ್ದ: "ಹಿಡ್ಕೋ. ನಾನು ಕೇಳಿದ್ರೂ ಕೊಡಬೇಡ. ಬೈದ್ರೂ ಕೊಡಬೇಡ." ಸ್ವಲ್ಪ ಹೊತ್ತಿಗೆ ಕೇಳುತ್ತಿದ್ದ, ಬೈಯುತ್ತಿದ್ದ. ಚಮಚ ಜೇಬಿಗೆ ಹಾಕಿಕೊಂಡು ನಾನು ಪತ್ರಿಕೆ ಓದುತ್ತಿದ್ದೆ. ಅವನು ಆ ಹೊತ್ತಿನಲ್ಲಿ ಮೆಟ್ಟಿಲು ಇಳಿದು ಬೀದಿ ಸುತ್ತಿ ಬರುತ್ತಿದ್ದ, ಇಲ್ಲವೇ ಕಿಟಕಿಯ ಚೌಕಟ್ಟು ಉಜ್ಜುತ್ತಿದ್ದ.

ಹೊಟ್ಟೆಗೆ ಬಿದ್ದ ಮೇಲೆ ಮಗಳಿಗೆ ಬಲ ಬಂತು. ಬಲ ಬಂದದ್ದೇ ಏಳತೊಡಗಿದಳು. ಒಮ್ಮೆ ನೀರಿಗೆ, ಒಮ್ಮೆ ಕಿಟಕಿಗೆ, ಒಮ್ಮೆ ಸುಮ್ಮನೆ. ಅವನು ಗದರಿದ. ಅವಳು ತಿರುಗಿ ಗದರಿದಳು.

"ನೀನು ಕೂರ್ತೀಯಾ? ನಿನ್ನ ಡಾಕ್ಟರು ಹೇಳಿಲ್ವಾ? ಮೆಟ್ಟಿಲು ಹತ್ತಿ ಇಳಿದು ಏದುಸಿರು ಬಿಡ್ತೀಯಲ್ಲ, ನಂಗೆ ಕೇಳ್ಸಲ್ವಾ?"

"ನನಗೇನಾಗುತ್ತೆ? ಗುಂಡುಕಲ್ಲು."

"ಹಾಗಾದ್ರೆ ಕೇಳು. ಹಿಟ್ಟು ಸುಮ್ಮನಿರೋಷ್ಟು ಹೊತ್ತು ನೀನು ಸುಮ್ಮನೆ ಕೂರಬೇಕು. ನೀನು ಕೂತ್ರೆ ನಾನು ಮಲಗ್ತೀನಿ. ನೀನು ಎದ್ರೆ ನಾನೂ ಎದ್ದೆ. ಪಾಕ ಮೊದಲೇ ಮಾಡಿಟ್ಕೋ, ಅದರ ನೆಪ ಬೇಡ."

ಅವನು ಒಪ್ಪಿದ. ಬೇರೆ ದಾರಿಯಿರಲಿಲ್ಲ. ಅಂದಿನಿಂದ ದಿನವೂ, ತಟ್ಟೆ ಮುಚ್ಚಿದ ಸದ್ದಾದ ಕೂಡಲೇ, ಒಳಕೋಣೆಯಿಂದ ಪ್ರಶ್ನೆ ಬರುತ್ತಿತ್ತು.

"ಅಪ್ಪ, ಕೂತ್ಯಾ?"

ಕುರ್ಚಿ ಕಿರ್ರ್ ಎನ್ನುತ್ತಿತ್ತು. "ಕೂತೆ ಮಗಳೇ."

ನಾನು ಮೊದಲ ಸಲ ಅದನ್ನು ನೋಡಿದಾಗ ಪತ್ರಿಕೆ ಕೈಜಾರಿತು. ಅವನು ನಿಂತೇ ಇದ್ದ. ಒಂದು ಕಾಲೆತ್ತಿ ಕುರ್ಚಿಯ ಸೀಟನ್ನು ಒತ್ತಿ ಕಿರುಗುಟ್ಟಿಸಿ, ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಹೊರಟ.

"ಮಗಳಿಗೆ ಸುಳ್ಳು ಹೇಳ್ತೀಯಲ್ಲೋ" ಎಂದು ಪಿಸುಗುಟ್ಟಿದೆ.

"ನಾನೆಲ್ಲಿ ಹೇಳ್ದೆ? ಕುರ್ಚಿ ಹೇಳ್ತು."

"ಅವಳು ಎದ್ದು ಬಂದ್ರೆ?"

"ಬರಲ್ಲ. ನಾನು ಕೂತಿದೀನಲ್ಲ" ಎಂದು ಕಣ್ಣು ಹೊಡೆದ.

ಹೀಗೇ ಎಷ್ಟೋ ದಿನ ನಡೆಯಿತು. ಅವಳು ಮಲಗಿದಳು, ತಿಂದಳು, ಕೆನ್ನೆ ತುಂಬಿಕೊಂಡಿತು. ಡಾಕ್ಟರಮ್ಮ ತೂಕ ನೋಡಿ, "ಏನು ಕೊಡ್ತಿದೀರಿ?" ಎಂದು ಕೇಳಿದರಂತೆ. "ದಿಂಬು" ಎಂದನಂತೆ ಇವನು.

ಆಮೇಲೆ ಒಂದು ಬೆಳಿಗ್ಗೆ ಕಿಟಕಿ ತೆರೆದಿತ್ತು. ಪ್ರಶ್ನೆ ಬಂತು, ಕುರ್ಚಿ ಉತ್ತರ ಕೊಟ್ಟಿತು, ಅವನು ಮೆಟ್ಟಿಲು ಇಳಿದ. ಎದುರಿನ ಅಂಗಡಿಯ ಶಟರಿಗೆ ಯಾರೋ ಬಣ್ಣ ಹೊಡೆಯುತ್ತಿದ್ದರು. ಅದನ್ನು ನೋಡಿಕೊಂಡು ಸುಮ್ಮನೆ ಬರುವ ಜೀವವೇ ಅದು? "ಏಯ್, ತುಕ್ಕು ಉಜ್ಜದೆ ಬಳೀತಿದೀಯಲ್ಲೋ! ನಾಳೆ ಹಪ್ಪಳದ ಥರ ಎದ್ದು ಬರುತ್ತೆ!" ಎಂದು ಬೀದಿಯಲ್ಲಿ ನಿಂತು ಕೂಗಿದ. ಅದು ನನಗೂ ಕೇಳಿಸಿತು. ಒಳಕೋಣೆಗೂ ಕೇಳಿಸಿತು.

ನಾನು ಓಡುವಷ್ಟರಲ್ಲಿ ಅವಳು ಎದ್ದು ಕಿಟಕಿಯ ಹತ್ತಿರ ಹೋಗಿದ್ದಳು. ಕಣ್ಣು ಕತ್ತಲೆ ಬಂದು ಪರದೆ ಹಿಡಿದಳು. ಪರದೆಯ ಸಲಾಕೆ ಕಳಚಿ ಅವಳ ಜೊತೆಗೇ ಕೆಳಗೆ ಬಂತು. ಅವಳು ಬಿದ್ದ ಜಾಗದಲ್ಲಿ, ನೆಲದ ಮೇಲೆ, ರಕ್ತ.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ನಾನು ಕೂತಿದ್ದೆ. ಅವನು ಆ ಉದ್ದದ ಓಣಿಯನ್ನು ಅಳೆಯುತ್ತಿದ್ದ, ಗೋಡೆಯನ್ನು ಬೆರಳಿನಿಂದ ಸವರಿಕೊಂಡು. ಯಾರು ಎದುರಿಗೆ ಬಂದರೂ ಅವರ ಮುಖ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮ ಬಂದು, ಮಗು ಉಳಿದಿದೆ ಎಂದರು. "ಇನ್ನೊಂದು ಸಲ ಹೀಗಾದ್ರೆ ನನ್ನ ಕೈಯಲ್ಲೂ ಏನೂ ಇರಲ್ಲ."

ಒಳಗೆ ಹೋದೆವು. ಮಗಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಚಾವಣಿ ನೋಡಿಕೊಂಡು ಹೇಳಿದಳು:

"ನೀನು ಕೂತಿದೀಯ ಅಂತ ತಾನೇ ಅಪ್ಪ, ನಾನು ಮಲಗಿರ್ತಿದ್ದಿದ್ದು."

ಅವನು ಅವಳ ಪಾದದ ಮೇಲಿನ ಹೊದಿಕೆ ಸರಿಮಾಡಿದ. ಮತ್ತೆ ಸರಿಮಾಡಿದ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನ್ನಿಂದಾಗದು. ಅವನು ಹೋದ ದಿನ ಸಂಜೆ, ಬಂದವರೆಲ್ಲ ಹೋದ ಮೇಲೆ, ಪಾತ್ರೆ ಇನ್ನೂ ಅಡುಗೆಮನೆಯಲ್ಲಿ ತಟ್ಟೆ ಮುಚ್ಚಿಕೊಂಡು ಹಾಗೇ ಇತ್ತು. ಚೆಲ್ಲಲು ಎತ್ತಿಕೊಂಡೆ. "ಮಾಮ, ಅದನ್ನ ಹುಯ್ದು ಕೊಡಿ" ಎಂದಳು ಮಗಳು. ಕಾವಲಿ ಕಾಯಿಸಿದೆ. ದಿನವಿಡೀ ನಿಂತ ಹಿಟ್ಟಿನಲ್ಲಿ ಉಬ್ಬುವ ಶಕ್ತಿ ಉಳಿದಿರಲಿಲ್ಲ, ಒಂದೂ ಏಳಲಿಲ್ಲ. ಎಲ್ಲ ಚಾಪೆ, ಅವನು ಮೊದಮೊದಲು ಮಾಡುತ್ತಿದ್ದಂಥವೇ. ಮಲಗಿದ್ದಲ್ಲೇ, ಅವನ ಪಾಕ ಸವರಿಕೊಂಡು, ಅವಳು ಎಲ್ಲವನ್ನೂ ತಿಂದಳು. ಹೆರಿಗೆಯವರೆಗೂ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಈಗ ಅವಳಿಗೆ ಒಬ್ಬ ಮಗಳಿದ್ದಾಳೆ. ಎತ್ತಿಕೊಂಡರೆ ಇಳಿಯಬೇಕು, ಇಳಿಸಿದರೆ ಎತ್ತಿಕೊಳ್ಳಬೇಕು. ಯಾರ ಹಾಗೆ ಎಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ.

ಆ ಭಾನುವಾರ ನಾನು ಹೋದಾಗ ಪಾಕ ಆಗಲೇ ಆರಿತ್ತು. ಮಗಳು ಆಸ್ಪತ್ರೆಯಿಂದ ಹಿಂದಿನ ಸಂಜೆ ಬಂದಿದ್ದಳು. ಅವನ ಮುಖ ಬಿಳಿಚಿಕೊಂಡಿತ್ತು, ನಿದ್ದೆಯಿಲ್ಲದ್ದಕ್ಕೆ ಎಂದುಕೊಂಡೆ. ಬಾಗಿಲ ಹತ್ತಿರ ಅಂಟಿನ ಡಬ್ಬಿ, ಸುತ್ತಿಗೆ, ಮರದ ಹೊಟ್ಟು ಬಿದ್ದಿದ್ದವು.

"ಏನೋ ಇದು, ಬೆಳಿಗ್ಗೆ ಬೆಳಿಗ್ಗೆ?"

"ಆಮೇಲೆ ಗುಡಿಸ್ತೀನಿ. ಮೊದಲು ಇದರ ರುಚಿ ನೋಡು." ಚಮಚದ ತುದಿಯಲ್ಲಿ ಪಾಕ ಕೊಟ್ಟ. ಹುಳಿ, ಸಿಹಿ, ಕೊನೆಯಲ್ಲಿ ನಿಂಬೆಯ ಸಿಪ್ಪೆಯ ಸಣ್ಣ ಕಹಿ. ಚೆನ್ನಾಗಿದೆ ಎಂದೆ. "ಚೆನ್ನಾಗಿದೆ ಅಂತೆ. ಇಷ್ಟು ಪುಸ್ತಕ ಓದಿದೀಯ, ಬೇರೆ ಮಾತು ಸಿಗ್ಲಿಲ್ವಾ?" ಎಂದ.

ಮೈದಾ ಜರಡಿ ಹಿಡಿದ. ಹಾಲು, ಮೊಟ್ಟೆ, ಬೆಣ್ಣೆ ಹುಯ್ದ. ಮಣಿಕಟ್ಟಿನಿಂದ, ಭುಜ ಅಲುಗಿಸದೆ, ನಾಲ್ಕೈದು ಸುತ್ತು ತಿರುವಿದ. ಗಂಟುಗಳು ಕಾಣುತ್ತಿದ್ದವು. ಅವುಗಳನ್ನು ನೋಡಿದ, ಚಮಚವನ್ನು ಎತ್ತಿ, ಪಾತ್ರೆಯ ಅಂಚಿಗೆ ತಟ್ಟಿ, ತೊಳೆದು ನನ್ನ ಕೈಗೆ ಕೊಟ್ಟ. ತಟ್ಟೆ ಮುಚ್ಚಿದ.

ಎಂದಿನ ಪ್ರಶ್ನೆ ಒಳಕೋಣೆಯಿಂದ ಕೂಡಲೇ ಬರಲಿಲ್ಲ. ಕೇಳುವುದೋ ಬೇಡವೋ ಎಂದು ಅವಳು ಯೋಚಿಸುತ್ತಿರಬೇಕು. ಕೊನೆಗೆ ಕೇಳಿದಳು.

"ಅಪ್ಪ, ಕೂತ್ಯಾ?"

ಅವನು ಹೆಗಲ ಮೇಲಿನ ಟವೆಲ್ ತೆಗೆದು ಕುರ್ಚಿಯನ್ನು ಒಮ್ಮೆ ಝಾಡಿಸಿದ, ಬೇರೆ ಯಾರಿಗೋ ಹಾಕಿಕೊಡುವವನ ಹಾಗೆ. ಒಲೆಯ ಕಡೆ ತಿರುಗಿಸಿಕೊಂಡ. ಕೂತ. ಕುರ್ಚಿ ಕಿರ್ರ್ ಎನ್ನಲಿಲ್ಲ.

"ಕೂತೆ."

"ಸದ್ದೇ ಬರ್ಲಿಲ್ವಲ್ಲ?"

"ಕೀಲು ಕೂರಿಸಿ ಅಂಟು ಹಾಕ್ದೆ. ಇನ್ಮೇಲೆ ಅದು ಮಾತಾಡಲ್ಲ, ನಾನೇ ಹೇಳ್ತೀನಿ. ಕೂತಿದೀನಿ ಮಗಳೇ, ಮಲಕ್ಕೋ."

ಹಾಸಿಗೆಯಲ್ಲಿ ಅವಳು ಮಗ್ಗುಲು ಬದಲಿಸಿದ್ದು ಕೇಳಿಸಿತು. ಗಡಿಬಿಡಿ ನನ್ನ ಕಡೆ ನೋಡಿ, ಪಾಕದ ಬಟ್ಟಲಿನತ್ತ ಗದ್ದ ಎತ್ತಿ ತೋರಿಸಿದ.

"ನೀನು ಹೋಗೋ ಹುಳ. ಅವಳಿಗೆ ಒಂದಿಷ್ಟು ಪಾಕ ನೆಕ್ಕಿಸು, ಹಸಿದಿದ್ದಾಳೆ. ಚಮಚ ತಗೊಂಡೇ ಹೋಗು, ಇಲ್ಲಿ ಬಿಡಬೇಡ."

ಬಟ್ಟಲು, ಚಮಚ ತೆಗೆದುಕೊಂಡು ಹೊರಟೆ. ಬಾಗಿಲ ಹತ್ತಿರ ತಿರುಗಿ ನೋಡಿದೆ. ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದುಮಿಕೊಂಡು, ಮುಚ್ಚಿದ ಪಾತ್ರೆಯನ್ನೇ ನೋಡುತ್ತಾ ಅವನು ಕೂತಿದ್ದ.